ಲ್ಯಾಮಸ್ ಹೆಸರಿಗೆ ಓ ಅಂದವನು

ಮೊನ್ನೆ ಮಗಳು ಶಾಲೆಯಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಮ್ಮಾ, ಕೋಮೊ ತೆ ಯಾಮಸ್?" ಎಂದಳು. ನಾನು ಬಂಗುಡೆ ಸರಿಮಾಡುತ್ತಿದ್ದೆ. ಕತ್ತಿ ಬೆರಳಿಗೆ ತಾಗಿತು. ದೋಹಾದ ಅಲ್ ಥುಮಾಮಾದ ಈ ಫ್ಲ್ಯಾಟಿನಲ್ಲಿ, ಅದೂ ನನ್ನ ಮಗಳ ಬಾಯಿಂದ, ಆ ಮಾತನ್ನು ಇನ್ನೊಮ್ಮೆ ಕೇಳಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಈ ವರ್ಷ ಅವರ ಶಾಲೆಯಲ್ಲಿ ಫ್ರೆಂಚ್ ಬೇಡ ಎಂದವರಿಗೆ ಸ್ಪ್ಯಾನಿಷ್ ಕಲಿಸುತ್ತಾರಂತೆ. ಮೊದಲ ಪಾಠವೇ ಇದು. ನಿನ್ನ ಹೆಸರೇನು?

"ಅದನ್ನು ಹೇಳಬೇಡ," ಎಂದೆ.

"ವೈ? ರಾಂಗ್ ಹೇಳಿದ್ನಾ?"

"ರಾಂಗ್ ಅಲ್ಲ. ಸರಿಯಾಗಿಯೇ ಹೇಳಿದ್ದಿ."

ಸರಿಯಾಗಿ ಹೇಳಿದ್ದಕ್ಕೆ ಯಾರಾದರೂ ಬೈಸಿಕೊಳ್ಳುತ್ತಾರೆಯೇ? ಅವಳು ಮುಖ ಊದಿಸಿಕೊಂಡು ಹೋದಳು. ನಾನು ಬೆರಳಿಗೆ ಅರಿಶಿನ ಒತ್ತಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೀನಿನ ನೀರು ನಲ್ಲಿಯ ಕೆಳಗೆ ಕೆಂಪಗೆ ಹರಿಯುತ್ತಿತ್ತು. ರಾಸ್ ಲಫಾನಿನ ಆ ಒಂದು ಬೇಸಿಗೆಯನ್ನು ನಾನು ಮರೆತಿದ್ದೇನೆ ಎಂದು ನನ್ನ ಗಂಡ ತಿಳಿದಿದ್ದಾನೆ. ಮರೆತಿಲ್ಲ. ಒಂದು ಅಕ್ಷರವನ್ನು ಬೇರೆ ಬೇರೆ ದೇಶದವರು ಬೇರೆ ಬೇರೆ ತರಹ ಹೇಳಿದ್ದರಿಂದ ಒಬ್ಬ ಸತ್ತ, ಇನ್ನೊಬ್ಬ ಮೋಸಗಾರ ಅನ್ನಿಸಿಕೊಂಡ. ಹೇಳಿದವರೆಲ್ಲ ಸರಿಯಾಗಿಯೇ ಹೇಳಿದ್ದರು. ಅದನ್ನು ನೆನೆದರೆ ಈಗಲೂ ಯಾರದಾದರೂ ಕೆನ್ನೆಗೆ ಒಂದು ಬಿಡಬೇಕು ಅನ್ನಿಸುತ್ತದೆ.

ಆಗ ನನಗೆ ಮದುವೆಯಾಗಿರಲಿಲ್ಲ. ಶಿರ್ವದಿಂದ ಬಂದು, ಒಂದು ಸಣ್ಣ ಕಾಂಟ್ರ್ಯಾಕ್ಟ್ ಕಂಪನಿಯ ಸೇಫ್ಟಿ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಆ ಕಂಪನಿ ಈಗ ಇಲ್ಲ, ಮುಚ್ಚಿಕೊಂಡು ಹೋಗಿದೆ, ಹೋದದ್ದೇ ಒಳ್ಳೆಯದಾಯಿತು. ಕತಾರಿನ ಗ್ಯಾಸ್ ಪ್ಲಾಂಟುಗಳೆಲ್ಲ ಇರುವ ರಾಸ್ ಲಫಾನಿನ ಅಂಚಿನಲ್ಲಿ ಅದಕ್ಕೊಂದು ಯಾರ್ಡ್ ಇತ್ತು. ಅಲ್ಲಿ ದೊಡ್ಡ ದೊಡ್ಡ ಪೈಪುಗಳನ್ನು ಜೋಡಿಸಿ, ಅವಕ್ಕೆ ಉಣ್ಣೆಯಂಥ ಇನ್ಸುಲೇಶನ್ ಸುತ್ತಿ, ಮೇಲೆ ತಗಡು ಹೊದಿಸಿ ಕಳಿಸಿಕೊಡುವುದು ಕೆಲಸ. ಚಳಿಗಾಲದಲ್ಲಿ ಮುಗಿಯಬೇಕಾದದ್ದು ಮುಗಿಯದೆ ಬೇಸಿಗೆಗೆ ಬಿದ್ದಿತ್ತು. ಆಗಸ್ಟ್ ತಿಂಗಳು. ಸಮುದ್ರದ ಕಡೆಯಿಂದ ಗಾಳಿ ಬಂದರೆ ಒಲೆಯ ಮೇಲಿಟ್ಟ ಹಂಡೆಯ ಮುಚ್ಚಳ ತೆಗೆದ ಹಾಗೆ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಕನ್ನಡಕ ಹಾಕಿದವರು ಆಫೀಸಿನ ಕಂಟೇನರಿನಿಂದ ಹೊರಗೆ ಬಂದರೆ ಗಾಜು ಮಂಜಾಗಿ ಎದುರಿಗಿದ್ದವರು ಕಾಣುತ್ತಿರಲಿಲ್ಲ. ನಡು ಹಗಲಿನಲ್ಲಿ ಹೊರಗೆ ಕೆಲಸ ಮಾಡಿಸಬಾರದು ಎಂದು ಕಾನೂನು ಇದೆ. ಹಾಗಾಗಿ ನಸುಕಿನಲ್ಲಿ ಶುರು, ಹತ್ತು ಗಂಟೆಗೆ ಬಸ್ಸು ಹತ್ತಿಸಿ ಕೆಲಸದವರು ಮಲಗುವ ಅಲ್ ಖೋರಿನ ಕ್ಯಾಂಪಿಗೆ, ಬಿಸಿಲು ಇಳಿದ ಮೇಲೆ ಮತ್ತೆ ತರುವುದು.

ನಮ್ಮ ಮ್ಯಾನೇಜರ್ ಮ್ಯಾಡ್ರಿಡ್‌ನವನು. ಬರೆದದ್ದನ್ನು ನೋಡಿ ನಾವೆಲ್ಲ ಗೊಂಜಾಲೆಜ್ ಅನ್ನುತ್ತಿದ್ದೆವು. ಅವನು ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ, ನಾಲಗೆಯ ತುದಿಯನ್ನು ಹಲ್ಲಿನ ಸಂದಿಯಿಂದ ಹೊರಗೆ ಹಾಕಿ "ಗೊಂಥಾಲೆಥ್" ಎಂದು ತೋರಿಸಿಕೊಟ್ಟು, ನನ್ನ ಬಾಯಿಂದ ಬರುವ ತನಕ ಹೇಳಿಸಿದ. ಎಂಜಲು ಹಾರಿ ಅವನ ಮೇಜಿನ ಗಾಜಿನ ಮೇಲೆ ಬಿತ್ತು. ನನಗೆ ಸಂತೋಷವಾಯಿತು. ಅವನ ಕೈಕೆಳಗೆ ಸೂಪರ್‌ವೈಸರ್ ಅರ್ಜೆಂಟೀನಾದವನು. ಅವನ ಸರ್‌ನೇಮಿನಲ್ಲಿ ಎರಡು ಎಲ್ ಒಟ್ಟಿಗೆ ಬರುತ್ತವೆ. ಮ್ಯಾನೇಜರ್ ಅವನನ್ನು ಕರೆಯುವಾಗ ಕಸ್ತಿಯೊ. ಅವನೇ ಹೇಳಿಕೊಳ್ಳುವಾಗ ಕಸ್ತಿಶೊ. ವೆಲ್ಡಿಂಗ್ ಪರೀಕ್ಷೆಗೆ ಆಗಾಗ ಬರುತ್ತಿದ್ದ ಕೊಲಂಬಿಯಾದ ಒಬ್ಬನ ಬಾಯಲ್ಲಿ ಕಸ್ತಿಜೊ. ಮೂವರೂ ಊಟಕ್ಕೆ ಕೂತಾಗ ಒಬ್ಬರ ಉಚ್ಚಾರವನ್ನು ಇನ್ನೊಬ್ಬರು ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡ ಸಂಬಳದವರ ಹೆಸರು ಯಾರು ಹೇಗೆ ಹೇಳಿದರೂ ಅದು ತಮಾಷೆ. ನನ್ನ ಪಿಂಟೊ ಗೇಟಿನ ಅರಬ್ ಸೆಕ್ಯೂರಿಟಿಯ ಬಾಯಲ್ಲಿ ಬಿಂಟೊ. ನಾನು ತಿದ್ದಲು ಹೋಗಲಿಲ್ಲ. ನಮ್ಮ ಹೆಸರುಗಳೂ ಪೋರ್ಚುಗೀಸರ ಹಡಗಿನಲ್ಲಿ ಬಂದವೇ ಅಲ್ಲವೇ, ಬರುವಾಗ ಎಷ್ಟು ಉದುರಿವೆಯೋ.

ತಿದ್ದುತ್ತಿದ್ದವನು ಒಬ್ಬನೇ. ರೊಡೆಲ್ ಎಂಬ ಫಿಲಿಪೀನಿ, ಇನ್ಸುಲೇಶನ್ ಗುಂಪಿನವನು. ಕುಳ್ಳಗೆ, ತೆಳ್ಳಗೆ, ಮೀಸೆ ಬಂದೂ ಬಾರದ ಮುಖ. ಅವನ ಸರ್‌ನೇಮಿನ ಮೊದಲಿಗೇ ಎರಡು ಎಲ್. ಅವನ ಊರಿನಲ್ಲಿ ಅದನ್ನು ಲ್ಯಾಮಸ್ ಅನ್ನುತ್ತಾರೆ. ಮ್ಯಾನೇಜರಿಗೆ ಅದು ಯಾಮಸ್, ಕಸ್ತಿಶೊಗೆ ಶಾಮಸ್, ಕೊಲಂಬಿಯಾದವನಿಗೆ ಜಾಮಸ್. ಇದರ ಮೇಲೆ ಇನ್ನೊಂದು ದರಿದ್ರ ಏನೆಂದರೆ, ಸ್ಪ್ಯಾನಿಷ್‌ನಲ್ಲಿ ನಿನ್ನ ಹೆಸರೇನು ಎಂದು ಕೇಳುವುದು, ನಿನ್ನನ್ನು ಏನೆಂದು ಕರೆಯುತ್ತಾರೆ ಎಂಬ ಹಾಗೆ. ಆ ಕರೆಯುವ ಮಾತು ಮತ್ತು ಇವನ ಸರ್‌ನೇಮ್ ಬರೆಯುವಾಗ ಒಂದೇ. ಮ್ಯಾನೇಜರಿಗೆ ಅದೊಂದು ಮುಗಿಯದ ಮೋಜಾಯಿತು. ಇವನು ಎದುರು ಸಿಕ್ಕಿದಾಗಲೆಲ್ಲ, "ಕೋಮೊ ತೆ ಯಾಮಸ್, ಯಾಮಸ್?"

"ಲ್ಯಾಮಸ್, ಸರ್."

"ಅದು ಯಾವ ಭಾಷೆ?"

"ನನ್ನ ಹೆಸರು, ಸರ್."

ಎಲ್ಲರೂ ನಗುತ್ತಿದ್ದರು. ರೊಡೆಲ್ ನಗುತ್ತಿರಲಿಲ್ಲ. ಸಿಟ್ಟೂ ಮಾಡುತ್ತಿರಲಿಲ್ಲ. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ನಾನೊಮ್ಮೆ, "ಹೂಂ ಅಂದುಬಿಡು ಮಾರಾಯ, ನಿನ್ನದೇನು ಹೋಗುತ್ತದೆ," ಎಂದೆ. ಅವನು ಹೇಳಿದ, "ನನ್ನ ಅಪ್ಪನನ್ನು ಹೂಳುವಾಗ ಪಾದ್ರಿ ಓದಿದ್ದು ಲ್ಯಾಮಸ್ ಎಂದು. ಅಪ್ಪ ಅದೇ ಹೆಸರಿನಲ್ಲಿ ಹೋಗಿದ್ದಾನೆ. ನಾನು ಬೇರೆ ಹೆಸರಿಗೆ ಓಗೊಟ್ಟರೆ ಅಲ್ಲಿ ನನ್ನನ್ನು ಹೇಗೆ ಗುರುತಿಸುತ್ತಾನೆ?" ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಕ್ಯಾಂಪಿನಲ್ಲಿ ಅವನ ರೂಮಿನವನು ನಮ್ಮ ಬೆಳ್ಮಣ್ಣಿನ ಶಾಮ ಪೂಜಾರಿ. ಎತ್ತರದಲ್ಲಿ ನಿಂತು ಕೆಲಸ ಮಾಡಲು ಪೈಪು, ಹಲಗೆಗಳ ಸ್ಕ್ಯಾಫೋಲ್ಡಿಂಗ್ ಕಟ್ಟುವ ಗುಂಪಿನ ಫೋರ್‌ಮನ್. ಇಡೀ ಯಾರ್ಡಿನಲ್ಲಿ ತುಳು ಮಾತಾಡುವವರು ನಾವಿಬ್ಬರೇ ಆದ್ದರಿಂದ ಶಾಮಣ್ಣ ದಿನಕ್ಕೊಮ್ಮೆಯಾದರೂ ನನ್ನ ಕಂಟೇನರಿಗೆ ಬಂದು ತಣ್ಣೀರು ಕುಡಿದು, ಎ.ಸಿ.ಯ ಎದುರು ಬೆನ್ನು ಕೊಟ್ಟು ನಿಂತು, ಒಂದಿಷ್ಟು ಪಂಚಾಯಿತಿಕೆ ಮಾಡಿ ಹೋಗುತ್ತಿದ್ದ. ದೊಡ್ಡ ಗಂಟಲು. ಯಾರು ಕರೆದರೂ, ಎಷ್ಟು ದೂರದಿಂದ ಕರೆದರೂ, ಅವನದು ಮೊದಲ ಓ. ಕರೆದದ್ದು ಅವನನ್ನೇ ಎಂದು ಖಾತ್ರಿ ಇಲ್ಲದಿದ್ದರೂ ಓ. ಒಮ್ಮೆ ನಾನು ಚೇಷ್ಟೆ ಮಾಡಿದ್ದಕ್ಕೆ ಹೇಳಿದ, "ಎಂತ ಮಾಡುವುದು ಫೆಲ್ಸಿಬಾಯಿ, ಸಣ್ಣಂದಿನ ಬುದ್ಧಿ. ಅಮ್ಮ ಎಷ್ಟು ಬೈತಿದ್ರು ಗೊತ್ತುಂಟಾ? ಹೊರಗಿಂದ ಯಾರಾದ್ರೂ ಒಂದೇ ಸಲ ಕರೆದ್ರೆ ಓ ಅನ್ಬಾರ್ದಂತೆ. ಕುಲೆ ಆದ್ರೆ ಒಂದೇ ಸಲ ಕರೆಯುವುದು. ಮನುಷ್ಯ ಆದ್ರೆ ಇನ್ನೊಂದು ಸಲ ಕರೀತಾನೆ." ಸತ್ತವರು ಕುಲೆಯಾಗಿ ಮನೆಯ ಅಂಗಳಕ್ಕೆ ಬಂದು ಕರೆಯುವ ಕತೆಗಳನ್ನು ನಮ್ಮ ಮನೆಯಲ್ಲೂ ಹೇಳುತ್ತಿದ್ದರು, ಪಾದ್ರಿಗಳಿಗೆ ಕೇಳಿಸದ ಹಾಗೆ.

"ಮತ್ತೆ ನೀವು ಯಾಕೆ ಅಂತೀರಿ?"

"ಪಾಪ, ಕುಲೆಗೂ ಯಾರಾದ್ರೂ ಓ ಅನ್ಬೇಕಲ್ಲ," ಎಂದು ನಕ್ಕ.

ಕಸ್ತಿಶೊ ಹೊಸದಾಗಿ ಬಂದಾಗ ಹಾಜರಿ ಕರೆಯುವುದನ್ನು ತಾನೇ ವಹಿಸಿಕೊಂಡ. ಪೂಜಾರಿ ಎಂದು ಇಂಗ್ಲಿಷಿನಲ್ಲಿ ಬರೆದದ್ದನ್ನು ಅವನು ಗಂಟಲು ಕೆರೆದು "ಪೊಖಾರಿ" ಎಂದು ಓದಿದ. ಶಾಮಣ್ಣನಂಥ ಶಾಮಣ್ಣನಿಗೂ ಅದು ತನ್ನ ಹೆಸರೆಂದು ತಿಳಿಯದೆ ಆ ದಿನ ಗೈರುಹಾಜರಾದ. ಜಗಳವಾಡಿ, "ಅದೆಲ್ಲ ಬೇಡ, ನನ್ನನ್ನು ಶಾಮ ಅಂತ ಕರೀರಿ," ಎಂದು ಬಗೆಹರಿಸಿಕೊಂಡ. ಅಂದಿನಿಂದ ಕಸ್ತಿಶೊ ಅವನನ್ನು ಶಾಮ ಅನ್ನುತ್ತಿದ್ದ. ಸ್ಕ್ಯಾಫೋಲ್ಡಿಂಗಿನವರ ಹಾಜರಿ ಗೇಟಿನ ಹತ್ತಿರ, ಇನ್ಸುಲೇಶನ್‌ನವರದು ಸ್ಟೋರಿನ ಹಿಂದೆ. ಹಾಗಾಗಿ ಕಸ್ತಿಶೊ ರೊಡೆಲ್‌ನನ್ನು ಶಾಮಸ್ ಎಂದು ಕರೆಯುವುದನ್ನು ಶಾಮಣ್ಣ ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ರೂಮಿನ ಗೆಳೆಯ ಲ್ಯಾಮಸ್, ಅಷ್ಟೇ.

ಸ್ಟೋರಿನ ಹಿಂದೆ ಏನು ನಡೆಯುತ್ತಿತ್ತು ಎಂದು ಇನ್ಸುಲೇಶನ್‌ನವರು ನನಗೆ ಹೇಳುತ್ತಿದ್ದರು. ಕಸ್ತಿಶೊ ಶಾಮಸ್ ಅನ್ನುತ್ತಾನೆ, ರೊಡೆಲ್ "ಲ್ಯಾಮಸ್, ಸರ್, ಪ್ರೆಸೆಂಟ್" ಅನ್ನುತ್ತಾನೆ. ದಿನವೂ. ಕಸ್ತಿಶೊ ಮೊದಮೊದಲು ನಕ್ಕ, ಆಮೇಲೆ ಹಲ್ಲು ಕಡಿದ. ಮ್ಯಾನೇಜರ್ ಒಂದು ಬೆಳಿಗ್ಗೆ ಇದನ್ನು ನೋಡಿ, "ಸರಿಯಾಗಿ ಓಗೊಡುವ ತನಕ ಅವನಿಗೆ ನೀರಿನ ಬ್ರೇಕ್ ಇಲ್ಲ," ಎಂದನಂತೆ. ಅವತ್ತು ಅವನು ಬ್ರೇಕಿಲ್ಲದೆಯೇ ಕೆಲಸ ಮಾಡಿದ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು ಎಂದು ಶಾಮಣ್ಣ ಮರುದಿನ ನನ್ನ ಹತ್ತಿರ ಬಂದು ಪಿಸುಗುಟ್ಟಿದ.

ನನಗೆ ತಲೆ ಕೆಟ್ಟಿತು. ಆಫೀಸಿನ ಲೇಬಲ್ ಮೆಶಿನ್ನಿನಲ್ಲಿ ಅವನ ಹೆಸರನ್ನು ಕೇಳಿಸುವ ಹಾಗೆಯೇ, ಎಲ್ ಆದಮೇಲೆ ವೈ ಹಾಕಿ, ದಪ್ಪ ಅಕ್ಷರದಲ್ಲಿ ಹೊಡೆದು ಅವನ ಹೆಲ್ಮೆಟ್ಟಿಗೆ ಅಂಟಿಸಿದೆ. ನೋಡಿ ಓದಿಯಾದರೂ ಹೇಳಲಿ ಎಂದು. ಎರಡು ದಿನ ಇತ್ತು. ಮೂರನೆಯ ದಿನ ಮ್ಯಾನೇಜರ್ ಆ ಹೆಲ್ಮೆಟ್ಟನ್ನು ಹಿಡಿದುಕೊಂಡು ನನ್ನ ಕಂಟೇನರಿಗೆ ಬಂದ. ಉಗುರು ಹಾಕಿ ಲೇಬಲನ್ನು ಕಿತ್ತು ನನ್ನ ಕೀಬೋರ್ಡಿನ ಮೇಲೆ ಅಂಟಿಸಿದ.

"ಮಿಸ್ ಪಿಂಟೊ, ನನ್ನ ಸೈಟಿನಲ್ಲಿ ನನ್ನ ಭಾಷೆಯನ್ನು ಕುಲಗೆಡಿಸಬೇಡಿ."

"ಅದು ಅವನ ಹೆಸರು, ಸರ್. ಅವನು ಹಾಗೆಯೇ ಹೇಳುವುದು."

"ಗೊತ್ತು. ನನ್ನ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು. ಹಳ್ಳಿಯವಳು. ಕುರಿ ಕಾಯುತ್ತಿದ್ದಳು." ಬಾಗಿಲ ಹತ್ತಿರ ಹೋದವನು ತಿರುಗಿ, "ಅಂದಹಾಗೆ ಆ ಹೆಸರಿಗೆ ಬೆಂಕಿಯ ನಾಲಗೆ ಎಂಬ ಅರ್ಥವೂ ಇದೆ. ಈ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ," ಎಂದು ಕಣ್ಣು ಮಿಟುಕಿಸಿದ.

ಅಂದರೆ ಅವನಿಗೆ ಗೊತ್ತಿತ್ತು. ಸ್ಪೇನಿನಿಂದ ಯಾವ ಕಾಲದಲ್ಲೋ ಹಡಗು ಹತ್ತಿ ಹೋದ ಆ ಲ್ಯ ಎಂಬ ಉಚ್ಚಾರ ತನ್ನ ಅಜ್ಜಿಯದ್ದೇ ಎಂದು ತಿಳಿದೂ ಒಬ್ಬನಿಗೆ ನೀರು ತಪ್ಪಿಸಿದ್ದ. ಥೂ.

ಅನಾಹುತವಾದ ದಿನ ಬೆಳಿಗ್ಗೆ ರೊಡೆಲ್‌ಗೆ ಮೈ ಬಿಸಿ ಇತ್ತಂತೆ. ರಜೆ ಕೇಳು ಎಂದು ಶಾಮಣ್ಣ ಹೇಳಿದ್ದಕ್ಕೆ, "ಕೇಳಿದರೆ ಮೊದಲು ಹೆಸರು ಕೇಳುತ್ತಾನೆ," ಎಂದು ನಗಾಡಿ ಬಸ್ಸು ಹತ್ತಿದ. ಹತ್ತು ಗಂಟೆಗೆ ಇನ್ನೇನು ಕೆಲಸ ನಿಲ್ಲಿಸಬೇಕು ಎನ್ನುವಾಗ ಸೈರನ್ ಕೂಗಿತು. ಸುತ್ತಲಿನ ಪ್ಲಾಂಟುಗಳಲ್ಲಿ ಗ್ಯಾಸ್ ಸೋರಿದರೆ ಎಂದು ನಮ್ಮ ಯಾರ್ಡಿನಲ್ಲೂ ಸೈರನ್ ಇಟ್ಟಿದ್ದರು. ಅದು ಕೂಗಿದರೆ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ನಿಗದಿಯಾದ ಜಾಗದಲ್ಲಿ ಸೇರಬೇಕು, ಹೆಸರು ಕರೆಯಬೇಕು, ಒಬ್ಬ ಕಡಿಮೆಯಾದರೂ ಒಳಗೆ ಹೋಗಿ ಹುಡುಕಬೇಕು. ಹೆಸರು ಕರೆಯುವುದು ಇರುವುದೇ ಅದಕ್ಕೆ. ಆಫೀಸಿನವರ ಜಾಗ ಗೇಟಿನ ಆಚೆ, ನಾನು ಅಲ್ಲಿದ್ದೆ. ಕೆಲಸದವರ ಜಾಗ ಬಸ್ಸು ನಿಲ್ಲುವಲ್ಲಿ. ಮೊದಲ ಬಾರಿಗೆ ಎಲ್ಲ ಗುಂಪಿನವರೂ ಒಂದೇ ಕಡೆ ಸೇರಿದ್ದರು. ಮುಖಕ್ಕೆ ಬಟ್ಟೆ ಸುತ್ತಿಕೊಂಡವರು, ಮೇಲೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ. ಯಾರು ಯಾರೆಂದು ಹೆತ್ತ ತಾಯಿಗೂ ಗುರುತು ಸಿಗುವ ಹಾಗಿರಲಿಲ್ಲ.

ಕಸ್ತಿಶೊ ಬೆಳಿಗ್ಗೆ ಎಲ್ಲರೂ ಗೇಟಿನಲ್ಲಿ ಕೊಟ್ಟಿದ್ದ ಕಾರ್ಡುಗಳನ್ನು ಕಟ್ಟಾಗಿ ಹಿಡಿದುಕೊಂಡು ಮೆಗಾಫೋನಿನಲ್ಲಿ ಒಂದೊಂದೇ ಹೆಸರು ಓದಿದ. ಸೈರನ್ ಇನ್ನೂ ಕೂಗುತ್ತಿತ್ತು. ಶಾಮಸ್ ಎಂದ. ಗುಂಪಿನ ಹಿಂದಿನಿಂದ ದೊಡ್ಡ ಗಂಟಲಿನಲ್ಲಿ "ಓ, ಯೆಸ್" ಎಂದು ಬಂತು. ಒಂದಿಷ್ಟು ಹೆಸರುಗಳಾದ ಮೇಲೆ ಶಾಮ ಎಂದ. "ಯೆಸ್ ಯೆಸ್" ಎಂದು ಬಂತು. ಅವಸರದಲ್ಲಿ ಒಬ್ಬನನ್ನೇ ಎರಡು ಸಲ ಕರೆಯುವುದು ಆ ಸೈಟಿನಲ್ಲಿ ದಿನವೂ ಇದ್ದದ್ದೇ. ಕಾರ್ಡುಗಳೆಲ್ಲ ಮುಗಿದವು, ಎಲ್ಲದಕ್ಕೂ ಓ ಬಂದಿತ್ತು. ತಲೆ ಎಣಿಸಬೇಕಿತ್ತು. ಎಣಿಸಲಿಲ್ಲ. ಅಷ್ಟರಲ್ಲಿ ಸೈರನ್ ನಿಂತಿತು. ಗ್ಯಾಸೂ ಇಲ್ಲ, ಏನೂ ಇಲ್ಲ, ಯಾವುದೋ ಡಬ್ಬಿ ಬಿಸಿಲಿಗೆ ಕೆಟ್ಟು ತಾನಾಗಿ ಕೂಗಿದ್ದು. "ಖಲಾಸ್, ಯಲ್ಲಾ, ಯಲ್ಲಾ," ಎಂದು ಕಸ್ತಿಶೊ ಎಲ್ಲರನ್ನೂ ಬಸ್ಸಿಗೆ ಅಟ್ಟಿದ. ರೊಡೆಲ್‌ನ ಗುಂಪಿನವರು ಅವನು ಶಾಮಣ್ಣನ ಬಸ್ಸಿನಲ್ಲಿದ್ದಾನೆ ಎಂದುಕೊಂಡರು. ಅವನು ತನ್ನ ಗುಂಪಿನವರ ಜೊತೆ ಇದ್ದಾನೆ ಎಂದು ಶಾಮಣ್ಣ ಎಣಿಸಿದ. ಕ್ಯಾಂಪಿನ ರೂಮಿನಲ್ಲಿ ಕಾಣದಿದ್ದಾಗ, ತನ್ನ ಊರಿನವರ ಹತ್ತಿರ ಕೂತು ಇಸ್ಪೀಟು ಆಡುತ್ತಿರಬೇಕು ಎಂದು ಮಲಗಿಬಿಟ್ಟ.

ಬಿಸಿಲು ಇಳಿದ ಮೇಲೆ ಕೆಲಸಕ್ಕೆ ಬಂದಾಗ ಹಲಗೆ ತೆಗೆಯಲು ಹೋದ ಶಾಮಣ್ಣನಿಗೇ ಅವನು ಸಿಕ್ಕಿದ್ದು. ನೆಲದ ಮೇಲೆ ಇನ್ನೂ ಜೋಡಿಸದೆ ಇಟ್ಟಿದ್ದ ಒಂದು ದೊಡ್ಡ ಪೈಪಿನ ಒಳಗೆ. ನೆರಳು ಹುಡುಕಿಕೊಂಡು ನುಸುಳಿರಬೇಕು, ಒಳಗೆ ಹೋದವನಿಗೆ ಹೊರಗೆ ಬರಲು ಆಗಿರಲಿಕ್ಕಿಲ್ಲ. ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಶಾಮಣ್ಣ ಅವನ ಕಾಲು ಹಿಡಿದು ಎಳೆದು ಹೊರಗೆ ತಂದು ಹೆಗಲ ಮೇಲೆ ಹಾಕಿಕೊಂಡು ನನ್ನ ಕಂಟೇನರಿಗೇ ಓಡಿ ಬಂದ. ಎ.ಸಿ. ಇರುವ ಜಾಗ ಅವನಿಗೆ ಗೊತ್ತಿದ್ದದ್ದು ಅದೊಂದೇ. ನನ್ನ ಮೇಜಿನ ಕೆಳಗೆ ಮಲಗಿಸಿ ಇದ್ದಬದ್ದ ನೀರೆಲ್ಲ ಸುರಿದೆವು. ಚರ್ಮ ಒಣಗಿತ್ತು, ಬೆವರೇ ಇರಲಿಲ್ಲ. ಕೈ ಮಾತ್ರ ಸ್ವಲ್ಪ ಅಲುಗುತ್ತಿತ್ತು. ಶಾಮಣ್ಣ ಅವನ ಕಿವಿಯ ಹತ್ತಿರ ಬಾಗಿ "ಲ್ಯಾಮಸ್, ಏ ಲ್ಯಾಮಸ್" ಎಂದು ಆಂಬ್ಯುಲೆನ್ಸ್ ಬರುವ ತನಕ ಕರೆದ. ಅವನು ಓಗೊಡಲಿಲ್ಲ. ಆಸ್ಪತ್ರೆ ಮುಟ್ಟುವಾಗ ಹೋಗಿದ್ದ.

ವಿಚಾರಣೆ ದೋಹಾದ ಆಫೀಸಿನಲ್ಲಿ. ಮಾತಾಡಿದ್ದನ್ನೆಲ್ಲ ಬರೆದುಕೊಳ್ಳಲು ನನ್ನನ್ನು ಕೂರಿಸಿದ್ದರು. ಬಿಸ್ಕತ್ತು ಇಟ್ಟಿದ್ದರು, ಟಿಶ್ಯೂ ಇಟ್ಟಿದ್ದರು. ಕಂಪನಿಯ ದೊಡ್ಡವರು ಇಬ್ಬರು ಬಂದಿದ್ದರು. ಕಸ್ತಿಶೊಗೆ ಮುಖದಲ್ಲಿ ರಕ್ತವೇ ಇರಲಿಲ್ಲ. ಇಂಗ್ಲಿಷ್ ಮರೆತವನಂತೆ ಒಂದೇ ಮಾತು ಹೇಳುತ್ತಿದ್ದ, "ಶೊ ಲೊ ಶಮೇ. ಶೊ ಲೊ ಶಮೇ." ನಾನು ಅವನನ್ನು ಕರೆದೆ, ಎಂದು. ಆ ಮಾತಿನಲ್ಲೂ ಎರಡು ಸಲ ಅದೇ ಶ.

ನಾನು ಬರೆಯುವುದನ್ನು ನಿಲ್ಲಿಸಿ ಕೇಳಿದೆ, "ಯಾರೋ ಓ ಅಂದರಲ್ಲ, ಆಗ ಅವರು ಹೆಸರು ತಿದ್ದಿದರೇ? ಲ್ಯಾಮಸ್, ಸರ್, ಅಂದರೇ?"

ಕಸ್ತಿಶೊ ತಲೆ ಅಲ್ಲಾಡಿಸಿದ. "ಇಲ್ಲ. ಅವತ್ತು ತಿದ್ದಲಿಲ್ಲ. ಕೊನೆಗೂ ಬುದ್ಧಿ ಬಂತು ಎಂದುಕೊಂಡೆ."

ಇಡೀ ಬೇಸಿಗೆ ಒಂದು ದಿನವೂ ತಪ್ಪದೆ ತಿದ್ದಿದವನು ಒಂದು ದಿನ ತಿದ್ದಲಿಲ್ಲ ಎಂದರೆ ಅವನು ಅಲ್ಲಿಲ್ಲ ಎಂದು ತಿಳಿಯಬೇಕಿತ್ತು. ಇದನ್ನು ನಾನು ಬಾಯಿಬಿಟ್ಟೇ ಹೇಳಿದೆ. ಒಂದೇ ಹೆಸರು ಹೇಗೆ ಯಾಮಸ್, ಶಾಮಸ್, ಲ್ಯಾಮಸ್ ಆಗುತ್ತದೆ, ಶಾಮ ಎಂಬುದು ನಮ್ಮೂರಿನಲ್ಲಿ ಮನೆಗೊಬ್ಬರಿಗೆ ಇರುವ ಹೆಸರು, ಎಲ್ಲವನ್ನೂ ಹೇಳಿದೆ. ಮ್ಯಾನೇಜರ್ ತಾಳ್ಮೆಯಿಂದ ಕೇಳಿಸಿಕೊಂಡು, ಮಕ್ಕಳಿಗೆ ಹೇಳಿಕೊಡುವವನಂತೆ ದೊಡ್ಡವರ ಕಡೆ ತಿರುಗಿದ.

"ಎರಡು ಎಲ್‌ಗಳನ್ನು ಸ್ಪೇನಿನಲ್ಲಿ ಒಂದು ರೀತಿ ಹೇಳುತ್ತೇವೆ, ಅರ್ಜೆಂಟೀನಾದಲ್ಲಿ ಇನ್ನೊಂದು ರೀತಿ. ಎರಡೂ ಸರಿ. ನನ್ನ ಸೂಪರ್‌ವೈಸರ್ ಹೆಸರನ್ನು ಸರಿಯಾಗಿಯೇ ಕರೆದಿದ್ದಾನೆ. ಪ್ರಶ್ನೆ ಅದಲ್ಲ. ಕರೆದ ಹೆಸರಿಗೆ ಇವನು ಯಾಕೆ ಓಗೊಟ್ಟ?"

ಶಾಮಣ್ಣ ಎದ್ದು ನಿಂತ. "ಕರೆದ್ರು ಸರ್. ಓ ಅಂದೆ."

"ಎರಡು ಸಲ?"

"ಎರಡು ಸಲ ಕರೆದ್ರು. ಎರಡು ಸಲ ಅಂದೆ."

"ಸತ್ತವನು ನಿನ್ನ ರೂಮಿನವನು?"

"ಹೌದು ಸರ್."

"ಗೆಳೆಯ?"

"ಹೌದು ಸರ್."

"ಬೆಳಿಗ್ಗೆ ಅವನಿಗೆ ಹುಷಾರಿಲ್ಲ ಎಂದು ನಿನಗೆ ಗೊತ್ತಿತ್ತು?"

ಶಾಮಣ್ಣ ನನ್ನ ಕಡೆ ನೋಡಿದ. ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ನನಗೆ ತಿಳಿದುಹೋಗಿತ್ತು. "ಗೊತ್ತಿತ್ತು ಸರ್," ಎಂದ.

ಅಷ್ಟು ಸಾಕಾಯಿತು. ಒಬ್ಬ ಎಲ್ಲೋ ಮಲಗಿ ನಿದ್ದೆ ಹೊಡೆಯುವಾಗ ಇನ್ನೊಬ್ಬ ಅವನ ಹೆಸರಿಗೆ ಹಾಜರಿ ಹೇಳುವುದು ಸೈಟುಗಳಲ್ಲಿ ಹಳೆಯ ಕಳ್ಳಾಟ. ಇದೂ ಅದೇ ಎಂದು ತೀರ್ಮಾನವಾಯಿತು. ಗೆಳೆಯನಿಗೆ ಒರಗಿಕೊಳ್ಳಲು ಅವಕಾಶ ಮಾಡಿಕೊಡಲು ಶಾಮ ಪೂಜಾರಿ ಬೇಕೆಂದೇ ಅವನ ಹೆಸರಿಗೆ ಓಗೊಟ್ಟಿದ್ದಾನೆ. ಹಾಗೆಂದು ಟೈಪ್ ಮಾಡಲು ನನಗೆ ಹೇಳಿದರು. ನಾನು ಮಾಡುವುದಿಲ್ಲ ಎಂದೆ. ಬೇರೆಯವರು ಮಾಡಿದರು. ಬಾಯಿ ಜಾಸ್ತಿ ಎಂದು ನನ್ನ ಕಾಂಟ್ರ್ಯಾಕ್ಟನ್ನು ಆ ವರ್ಷ ಮುಂದುವರಿಸಲಿಲ್ಲ, ಅದು ಬೇರೆ ಮಾತು. ಕಸ್ತಿಶೊ ಹೊರಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಅಳಲಿ ಎಂದು ನಾನು ಅವನನ್ನು ದಾಟಿಕೊಂಡು ಬಂದೆ. ಒಳಗೆ ಅಳಬೇಕಿತ್ತು.

ಕ್ಯಾಂಪಿನಲ್ಲಿ ಫಿಲಿಪೀನಿಗಳು ಶಾಮಣ್ಣನ ಜೊತೆ ಮಾತು ಬಿಟ್ಟರು. ಮೆಸ್ಸಿನಲ್ಲಿ ಅವನು ಕೂತ ಮೇಜಿನಿಂದ ಎದ್ದುಹೋದರು. ಟಿಕೆಟ್ ಆಗುವ ತನಕ ಅವನು ಹಗಲೆಲ್ಲ ನನ್ನ ಕಂಟೇನರಿನಲ್ಲಿ ಬಂದು ಕೂರುತ್ತಿದ್ದ. ಹೀಗೆ ಕೂತಿದ್ದಾಗ ಒಂದು ಬೆಳಿಗ್ಗೆ ಫೋನ್ ಬಂತು. ಹೆಂಗಸಿನ ದನಿ. "ನಾನು ಮಿಸೆಸ್ ಲ್ಯಾಮಸ್," ಎಂದಳು. ರೊಡೆಲ್ ಹೇಳುತ್ತಿದ್ದ ಹಾಗೆಯೇ, ಆ ಲ್ಯಕ್ಕೆ ಅಷ್ಟೇ ಒತ್ತು ಕೊಟ್ಟು. ಕಂಪನಿಯವರು ಅವಳಿಗೂ ವಿಚಾರಣೆಯ ತೀರ್ಮಾನವನ್ನು ತಿಳಿಸಿದ್ದರು. "ನನ್ನ ಗಂಡನ ಹೆಸರಿಗೆ ಓ ಅಂದವನು ಇನ್ನೂ ಅಲ್ಲಿದ್ದಾನೆಯೇ? ಅವನ ಹತ್ತಿರ ಒಂದು ಮಾತು ಆಡಬೇಕು."

ಇಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಶಾಮಣ್ಣ ಕೈ ಚಾಚಿದ. "ಕೊಡಿ ಫೆಲ್ಸಿಬಾಯಿ. ಕೇಳಲಿ, ಪಾಪ. ಅವಳಿಗಾದ್ರೂ ನಾನು ಹೇಳ್ಬೇಕು." ಸ್ಪೀಕರ್ ಹಾಕಿದೆ.

ಅವನು ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ತಪ್ಪಾಯಿತು, ಗೊತ್ತಾಗಲಿಲ್ಲ, ಅವನ ಹೆಸರೆಂದು ತಿಳಿಯಲಿಲ್ಲ ಎಂದು ಹೇಳುತ್ತಾ ಹೋದ. ಅವಳು ತಡೆಯಲಿಲ್ಲ. ಕೊನೆಗೆ ಕೇಳಿದಳು, "ನನ್ನ ಗಂಡನ ಹೆಸರು ಹೇಳು."

"ಲ್ಯಾಮಸ್," ಎಂದ ಶಾಮಣ್ಣ.

ಅವಳು ಮೆಲ್ಲಗೆ ಹೇಳಿದಳು, "ಎಷ್ಟು ಚೆನ್ನಾಗಿ ಗೊತ್ತಿದೆ ನಿನಗೆ. ಹಾಗಾದರೆ ಹೇಗೆ ತಿಳಿಯಲಿಲ್ಲ?" ಫೋನ್ ಇಟ್ಟಳು.

ಆ ಯಾರ್ಡಿನಲ್ಲಿ ಆ ಹೆಸರನ್ನು ರೊಡೆಲ್ ಹೇಳುತ್ತಿದ್ದಂತೆಯೇ ಹೇಳಲು ಕಲಿತಿದ್ದವರು ಶಾಮಣ್ಣ ಮತ್ತು ನಾನು. ಅದೇ ಶಾಮಣ್ಣನಿಗೆ ಮುಳುವಾಯಿತು. ಅವನು ಆ ಫೋನನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದನೋ, ನಾನು ಕರೆದರೂ ತಿರುಗಲಿಲ್ಲ. ಎರಡು ದಿನ ಬಿಟ್ಟು ಊರಿಗೆ ಹೋದ. ವೀಸಾದ ಮೇಲೆ ಮತ್ತೆ ಬರದ ಹಾಗೆ ಗುರುತು ಹಾಕಿಸಿದ್ದರು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಬೆಳ್ಮಣ್ಣಿಗೆ ಹೋದೆ. ಇಷ್ಟು ವರ್ಷ ಹೋಗಲು ಧೈರ್ಯವಾಗಿರಲಿಲ್ಲ. ಮನೆಯ ಪಕ್ಕದಲ್ಲೇ ಶೆಡ್ ಹಾಕಿ, ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುತ್ತಾನೆ ಎಂದು ಕೇಳಿದ್ದೆ. ಶೆಡ್ಡಿನ ಎದುರು ಆಟೋದಿಂದ ಇಳಿದಾಗ ಅವನು ನನಗೆ ಬೆನ್ನು ಹಾಕಿ ಕಬ್ಬಿಣದ ಪೈಪುಗಳನ್ನು ಜೋಡಿಸುತ್ತಿದ್ದ. ಕೂದಲು ನರೆತಿತ್ತು. ಬೆನ್ನು ಅದೇ.

"ಶಾಮಣ್ಣ," ಎಂದು ಕರೆದೆ.

ಕೇಳಿಸಲಿಲ್ಲವೇನೋ ಎಂದುಕೊಂಡೆ. ಮನೆಯ ಬಾಗಿಲಿಗೆ ಅವನ ಹೆಂಡತಿ ಬಂದಳು. ಫೋಟೋದಲ್ಲಿ ನನ್ನನ್ನು ನೋಡಿದ್ದಳಂತೆ. ಕಾಲಿಗೆ ನೀರು ಕೊಡುತ್ತಾ ಹೇಳಿದಳು, "ಇನ್ನೂ ಕರೀರಿ ಬಾಯಿ. ಒಂದು ಸಲಕ್ಕೆ ಇವರು ಓ ಅನ್ನುವುದಿಲ್ಲ. ಅಲ್ಲಿಂದ ಬಂದ ಮೇಲೆ ಹೀಗೇ."

"ಶಾಮಣ್ಣ," ಎಂದು ಇನ್ನೊಮ್ಮೆ ಕರೆದೆ.

ಪೈಪು ಹಿಡಿದಿದ್ದ ಕೈ ನಿಂತಿತು. ಕುತ್ತಿಗೆ ಬಿಗಿಯಾಯಿತು. ಕೇಳಿಸಿತ್ತು, ಮೊದಲ ಸಲವೇ ಕೇಳಿಸಿತ್ತು. ತಿರುಗದೆ ಕಾಯುತ್ತಿದ್ದ.

"ಶಾಮ ಪೂಜಾರ್ರೇ, ಇದು ನಾನು, ಫೆಲ್ಸಿ," ಎಂದೆ.

ಆಗ ಪೈಪನ್ನು ಮೆಲ್ಲಗೆ ಕೆಳಗಿಟ್ಟು ತಿರುಗಿದ. ನನ್ನ ಮುಖ ನೋಡಲಿಲ್ಲ. ಮೊದಲು ನನ್ನ ಹಿಂದೆ ರಸ್ತೆಯ ಕಡೆ ನೋಡಿದ, ಆಮೇಲೆ ಶೆಡ್ಡಿನ ಒಳಗೆ, ಆಮೇಲೆ ಅಂಗಳದ ಆಚೆ.

"ನನ್ನನ್ನಾ ಕರೆದದ್ದು?" ಎಂದ.

ಅಲ್ಲಿ ಆ ಹೆಸರಿನವರು ಬೇರೆ ಯಾರೂ ಇರಲಿಲ್ಲ.